70ಕ್ಕೆ 35: ಬೆಕ್ಕಿನ ಕೊನೆಯ ದಿನಗಳ ಅಂಕಪಟ್ಟಿ, ಆಮೇಲೆ ಕಾಡುವ ‘ನಾನೇ ಕೊಂದೆನಾ?’

ಕಿಡ್ನಿ ಕೈಕೊಟ್ಟ ಬೆಕ್ಕು ಮನೆಯಲ್ಲಿದ್ದರೆ ಮನೆಯವರು ರಾತ್ರಿ ಎರಡು ಗಂಟೆಗೆ ಫೋನಿನಲ್ಲಿ ಹುಡುಕುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಇನ್ನು ಸಾಕು ಅಂತ ಯಾವಾಗ ಅನ್ನಬೇಕು? ಉತ್ತರವಾಗಿ ಮೊದಮೊದಲೇ ಸಿಗುವುದು ಒಂದು ಪುಟದ ಅಂಕಪಟ್ಟಿ. ಪ್ರಾಣಿಗಳ ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡುವ ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೊಬೊಸ್ 2004ರಲ್ಲಿ ಹೊರತಂದದ್ದು. ಪ್ರಶ್ನೆಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರ ಹಿಡಿದು ಐದು ‘ಎಚ್’, ಎರಡು ‘ಎಮ್’ಗಳ ಪಟ್ಟಿ ಅಂತಲೇ ಹೆಸರುವಾಸಿ. ನೋವು, ಹಸಿವು, ಮೈಯಲ್ಲಿ ನೀರಿನಂಶ, ಶುಚಿ, ಖುಷಿ, ಓಡಾಟ, ಕೊನೆಗೆ ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಹೆಚ್ಚಿದೆಯೇ ಅನ್ನುವುದು. ಏಳು ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ ಹತ್ತು (ಸ್ಥಿತಿ ಚೆನ್ನಾಗಿದ್ದಷ್ಟೂ ಹೆಚ್ಚು ಅಂಕ, ನೋವಿನ ಸಾಲಿನಲ್ಲೂ ಅಷ್ಟೇ), ಒಟ್ಟು 70. ಮೊತ್ತ 35 ದಾಟಿದರೆ ಆರೈಕೆ ಮುಂದುವರಿಸಬಹುದು ಎಂಬ ಲೆಕ್ಕ. ದುಡ್ಡು ಕೊಡಬೇಕಿಲ್ಲ, ಒಂದು ಹಾಳೆ ಪ್ರಿಂಟ್ ತೆಗೆದರೆ ಆಯಿತು.

ಈ ಹಾಳೆಯನ್ನು ಎಲ್ಲರೂ ಪರಿಚಯಿಸುವುದು ‘ನಿರ್ಧಾರಕ್ಕೆ ನೆರವು’ ಅಂತ. ಆ ಕೆಲಸ ಸುಮಾರಾಗಿ ಮಾಡುತ್ತದೆ. ಅದಕ್ಕಿಂತ ಚೆನ್ನಾಗಿ ಮಾಡುವ ಕೆಲಸವೊಂದಿದೆ, ಅದನ್ನು ಯಾರೂ ಹೇಳುವುದಿಲ್ಲ: ಬೆಕ್ಕು ಹೋಗಿ ಹದಿನೈದು ದಿನಕ್ಕೆ ತಲೆಯೊಳಗೆ ಕೋರ್ಟು ಶುರುವಾದಾಗ ಮುಂದಿಡಲು ಸಾಕ್ಷಿ. ಶರತ್ತು ಒಂದೇ. ಬೆಕ್ಕು ಬದುಕಿದ್ದಾಗ, ದಿನಾಂಕ ಹಾಕಿ, ಪೆನ್ನಿನಲ್ಲಿ ತುಂಬಿರಬೇಕು. ಸತ್ತ ಮೇಲೆ ನೆನಪಿನಿಂದ ತುಂಬಲು ಕೂತರೆ ಅದೇ ಹಾಳೆ ಆರೋಪಪಟ್ಟಿ ಆಗುತ್ತದೆ. ದುಃಖದಲ್ಲಿರುವವರ ಕೈಗೆ ಖಾಲಿ ಪ್ರತಿ ಕೊಡಲೇಬೇಡಿ.

ಮೊದಲ ಪ್ರಶ್ನೆಯಿಂದ ನೋಡೋಣ. ನೋವು ಅನ್ನುವ ಸಾಲಿನಲ್ಲಿ ಉಸಿರಾಟವನ್ನೂ ಸೇರಿಸಿದ್ದಾರೆ, ಅದು ಈ ಪಟ್ಟಿಯ ಜಾಣತನ. ನಿದ್ದೆ ಮಾಡುವ ಬೆಕ್ಕಿನ ಪಕ್ಕೆ ನೋಡಿ ಮೂವತ್ತು ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ 30ರ ಒಳಗಿದ್ದರೆ ಸರಿ, ದಿನದಿಂದ ದಿನಕ್ಕೆ ಏರುತ್ತಿದ್ದರೆ ಎದೆಯಲ್ಲಿ ನೀರು ತುಂಬುತ್ತಿರಬಹುದು. ಬಾಯಿ ತೆರೆದು ಉಸಿರಾಡಿದರೆ ಅಂಕ ಹಾಕುತ್ತ ಕೂರಬೇಡಿ, ಆಸ್ಪತ್ರೆಗೆ ಓಡಿ. ಇನ್ನು ನೋವು. ಬೆಕ್ಕು ನೋವಿಗೆ ಕೂಗುವುದಿಲ್ಲ, ಮುದುಡುತ್ತದೆ. ಇಲ್ಲಿ ಈ ಪಟ್ಟಿ ಏನೂ ಹೇಳಿಕೊಡುವುದಿಲ್ಲ. ಆ ಕೊರತೆ ತುಂಬಲು ಮಾಂಟ್ರಿಯಾಲ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ, ಬೆಕ್ಕಿನ ಮುಖ ನೋಡಿ ನೋವು ಅಳೆಯುವ ಫೀಲೈನ್ ಗ್ರಿಮೇಸ್ ಸ್ಕೇಲ್ ಜೊತೆಗಿಟ್ಟುಕೊಳ್ಳಿ. ಕಿವಿ ಪಕ್ಕಕ್ಕೆ ತಿರುಗಿ ಚಪ್ಪಟೆಯಾಗಿದೆಯೇ, ಕಣ್ಣು ಕಿರಿದಾಗಿದೆಯೇ, ಮೂತಿ ಬಿಗಿದಿದೆಯೇ, ಮೀಸೆ ನೇರವಾಗಿ ಸೆಟೆದಿದೆಯೇ, ತಲೆ ಹೆಗಲಿಗಿಂತ ಕೆಳಗಿದೆಯೇ. ಐದಕ್ಕೂ ಸೊನ್ನೆ, ಒಂದು, ಎರಡು ಅಂತ ಹಾಕಿದರೆ ಹತ್ತಕ್ಕೆ ಎಷ್ಟು ಅಂತ ಸಿಗುತ್ತದೆ. ನಾಲ್ಕು ಅಥವಾ ಮೇಲೆ ಬಂದರೆ ನೋವಿನ ಮದ್ದು ಬೇಕು ಅಂತ ಅರ್ಥ. ಅದು ತೀವ್ರ ನೋವಿಗೆ ಮಾಡಿದ ಅಳತೆ, ಹಳೆಯ ಕೀಲುನೋವಿಗೆ ಅಷ್ಟು ಹೊಂದುವುದಿಲ್ಲ. ಆದರೂ ‘ಯಾಕೋ ಸಪ್ಪಗಿದೆ’ ಅನ್ನುವುದಕ್ಕಿಂತ ಎಷ್ಟೋ ವಾಸಿ. (ಮನೆಯಲ್ಲಿರುವ ಪ್ಯಾರಸಿಟಮಾಲ್ ಮುರಿದು ಕೊಡುವ ಯೋಚನೆ ಬಂದರೆ ಅಲ್ಲೇ ಬಿಡಿ. ಬೆಕ್ಕಿಗೆ ಅದು ವಿಷ, ಅರ್ಧ ಮಾತ್ರೆಯೂ ಸಾಯಿಸಬಲ್ಲದು.)

ಹಸಿವಿನ ಸಾಲಿನಲ್ಲಿ ಹೆಚ್ಚಿನವರು ಎಡವುತ್ತಾರೆ. ಸಿರಿಂಜಿನಲ್ಲಿ ಬಾಯಿಗೆ ಹಾಕಿದ್ದನ್ನು ‘ತಿಂದಿತು’ ಅಂತ ಬರೆದು ಏಳು ಅಂಕ ಕೊಡುತ್ತಾರೆ. ತಾನಾಗಿ ತಟ್ಟೆ ಹತ್ತಿರ ಬಂದದ್ದೆಷ್ಟು, ನಾವು ಹಾಕಿದ್ದೆಷ್ಟು ಅಂತ ಬೇರೆಬೇರೆ ಬರೆಯಬೇಕು. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿಗೆ ಲಿವರಿನಲ್ಲಿ ಕೊಬ್ಬು ತುಂಬಿಕೊಳ್ಳುವ ಅಪಾಯವಿದೆ, ದಢೂತಿ ಬೆಕ್ಕಿಗೆ ಇನ್ನೂ ಬೇಗ. ತೂಕಕ್ಕೆ ಮಗುವನ್ನು ತೂಗುವ ತಕ್ಕಡಿ ಸಾಕು. ನಾಲ್ಕು ಕೆಜಿ ಬೆಕ್ಕು 100 ಗ್ರಾಂ ಇಳಿದರೆ ಅರವತ್ತು ಕೆಜಿ ಮನುಷ್ಯ ಒಂದೂವರೆ ಕೆಜಿ ಇಳಿದಂತೆ. ಕೈಗೆ ಗೊತ್ತಾಗುವುದಿಲ್ಲ, ತಕ್ಕಡಿಗೆ ಗೊತ್ತಾಗುತ್ತದೆ.

ನೀರಿನಂಶಕ್ಕೆ ಬೆನ್ನಿನ ಚರ್ಮ ಎತ್ತಿ ಬಿಟ್ಟು ನೋಡಿ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಹದಿನಾಲ್ಕು ವರ್ಷದ ಬೆಕ್ಕಿನ ಚರ್ಮ ಹೇಗೂ ಸಡಿಲ, ಚೆನ್ನಾಗಿ ನೀರು ಕುಡಿದಿದ್ದರೂ ಎತ್ತಿದ ಮಡಿಕೆ ಹಾಗೇ ನಿಲ್ಲುತ್ತದೆ. ಒಸಡಿಗೆ ಬೆರಳು ಮುಟ್ಟಿಸಿ ನೋಡಿ: ಜಾರಿದರೆ ಪರವಾಗಿಲ್ಲ, ಅಂಟಿದರೆ ನೀರು ಕಡಿಮೆ. ಚರ್ಮದಡಿಗೆ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ಪಿನ ದ್ರವ) ಕೊಡುವ ಮನೆಗಳಲ್ಲಿ ಇನ್ನೊಂದು ಗೊಂದಲ ಇದೆ. ಸಾಮಾನ್ಯವಾಗಿ ಒಂದು ಸಲಕ್ಕೆ 100 ಎಂಎಲ್ ಆಸುಪಾಸು ಹೇಳುತ್ತಾರೆ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಚಳಿ ಬಿಡಿಸಿ ಭುಜಗಳ ನಡುವೆ ಕೊಟ್ಟರೆ ಬೆಕ್ಕು ಅಷ್ಟಾಗಿ ಕೊಸರಾಡುವುದಿಲ್ಲ. 18 ಗೇಜ್ ಸೂಜಿಯಾದರೆ ಬೇಗ ಮುಗಿಯುತ್ತದೆ, 20 ಗೇಜಿಗೆ ನೋವು ಕಡಿಮೆ, ಸಮಯ ಹೆಚ್ಚು. ಆಮೇಲೆ ಆ ನೀರಿನ ಗಂಟು ಮುಂಗಾಲಿನ ಕಡೆ ಜಾರುತ್ತದೆ, ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಹನ್ನೆರಡು ಗಂಟೆ ಕಳೆದರೂ ಇಳಿಯದೆ ಉಳಿದರೆ ಮೈ ಅದನ್ನು ಹೀರಿಕೊಳ್ಳುತ್ತಿಲ್ಲ ಅಂತ. ಹಾಗಿದ್ದಾಗ ಮತ್ತೆ 100 ತುಂಬದೆ ಡಾಕ್ಟರಿಗೆ ಫೋನ್ ಮಾಡಿ, ಜಾಸ್ತಿಯಾದ ನೀರು ಎದೆಗೆ ಹೋಗಿ ಉಸಿರು ಕಟ್ಟಿಸುತ್ತದೆ. ಮತ್ತು ಹಾಳೆಯ ಅಂಚಿನಲ್ಲಿ ‘ಗಂಟು ಇಳಿಯಲಿಲ್ಲ’ ಅಂತ ಬರೆದಿಡಿ. ಈ ಎರಡು ಪದಕ್ಕೆ ಮುಂದೆ ಬೆಲೆ ಬರುತ್ತದೆ.

ಶುಚಿ, ಓಡಾಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೈ ನೆಕ್ಕಿಕೊಳ್ಳುವುದು ನಿಂತಿದೆಯೇ, ಮರಳಿನ ಡಬ್ಬಕ್ಕೆ ಹತ್ತಿ ಇಳಿಯುತ್ತದೆಯೇ, ಹತ್ತಲಾರದೆ ಅದರ ಪಕ್ಕದಲ್ಲೇ ಮಾಡಿಕೊಳ್ಳುತ್ತಿದೆಯೇ, ನೋಡಿದರೆ ತಿಳಿಯುವ ಸಂಗತಿಗಳು. ಖುಷಿಯ ಸಾಲು ತೀರಾ ಜೊಳ್ಳು. ಅದಕ್ಕೆ ನಮ್ಮ ಸಲಹೆ: ಆ ಬೆಕ್ಕಿಗೇ ವಿಶಿಷ್ಟವಾದ ಮೂರು ಅಭ್ಯಾಸ ಮೊದಲ ದಿನವೇ ಹಾಳೆಯ ತಲೆಗೆ ಬರೆಯಿರಿ. ಬೆಳಿಗ್ಗೆ ಹಾಲಿನ ಪ್ಯಾಕೆಟ್ ಕತ್ತರಿಸುವ ಸದ್ದಿಗೆ ಅಡುಗೆಮನೆಗೆ ಬರುವುದು, ಕಿಟಕಿಕಟ್ಟೆಯ ಬಿಸಿಲಿಗೆ ಹೋಗಿ ಮಲಗುವುದು, ಗೇಟಿನ ಸದ್ದಿಗೆ ಕಿವಿ ತಿರುಗಿಸುವುದು, ಹೀಗೆ. ಮೂರರಲ್ಲಿ ಎಷ್ಟು ಉಳಿದಿದೆ ಅಂತ ನೋಡಿ ಆ ಸಾಲಿಗೆ ಹತ್ತಕ್ಕೆ ಅಂಕ ಹಾಕಿ.

ಪಟ್ಟಿಯ ದೊಡ್ಡ ತಪ್ಪು ಲೆಕ್ಕದಲ್ಲೇ ಇದೆ. ಏಳಕ್ಕೂ ಸಮ ತೂಕ. ಉಸಿರಿಗೆ ಒದ್ದಾಡುವ ಬೆಕ್ಕಿಗೆ ಮೊದಲ ಸಾಲಿನಲ್ಲಿ ಸೊನ್ನೆ ಹಾಕಿ ಉಳಿದ ಆರಕ್ಕೆ ಎಂಟೆಂಟು ಕೊಟ್ಟರೂ ಮೊತ್ತ 48 ಬರುತ್ತದೆ, ಅಂದರೆ ಫಸ್ಟ್ ಕ್ಲಾಸ್! ಆದ್ದರಿಂದ ನೋವು ಅಥವಾ ಉಸಿರಾಟದಲ್ಲಿ ಮೂರಕ್ಕಿಂತ ಕಡಿಮೆ ಬಂದ ದಿನ ಮೊತ್ತದ ಕಡೆ ನೋಡಲೇಬಾರದು ಅನ್ನುವ ನಿಯಮ ನೀವೇ ಹಾಕಿಕೊಳ್ಳಬೇಕು. ಎರಡನೆಯ ತೊಂದರೆ, ಅಂಕ ಹಾಕುವವರ ಮನಸ್ಸು. ವಾಂತಿ ಒರೆಸಿದ ರಾತ್ರಿ 22 ಹಾಕಿದವರು ಬೆಳಿಗ್ಗೆ ಬೆಕ್ಕು ಕಾಲಿಗೆ ತಲೆ ಉಜ್ಜಿದ ಕೂಡಲೇ 45 ಹಾಕುತ್ತಾರೆ. ದಿನಾ ಒಂದೇ ಹೊತ್ತಿಗೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಅಂತ ಇಟ್ಟುಕೊಳ್ಳಿ, ಮನೆಯ ಇಬ್ಬರು ಬೇರೆಬೇರೆ ಹಾಳೆಯಲ್ಲಿ ಪರಸ್ಪರ ತೋರಿಸದೆ ತುಂಬಲಿ. ಭಾನುವಾರ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ದಿನದ ಅಂಕಕ್ಕೆ ಅರ್ಥವಿಲ್ಲ, ಎರಡು ವಾರದ ಇಳಿಜಾರಿಗಿದೆ.

ಒಂದು ಮಾದರಿ. ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಲ್ಮಶ) 5 ದಾಟಿ ಕಿಡ್ನಿ ಕಾಯಿಲೆಯ ನಾಲ್ಕನೆಯ, ಅಂದರೆ ಕೊನೆಯ ಹಂತ ಮುಟ್ಟಿದ ಬೆಕ್ಕು ಅಂದುಕೊಳ್ಳಿ. ನೋವು 6, ಹಸಿವು 3, ನೀರು 4, ಶುಚಿ 3, ಖುಷಿ 4, ಓಡಾಟ 5, ಒಳ್ಳೆಯ ದಿನ 3. ಮೊತ್ತ 28. ಹಿಂದಿನ ವಾರ 33, ಅದರ ಹಿಂದಿನ ವಾರ 39. ಅಂಚಿನಲ್ಲಿ: ‘ತಾನಾಗಿ ತಿಂದದ್ದು ಎರಡು ಚಮಚ. ಕಿಟಕಿಗೆ ಹೋಗಲಿಲ್ಲ. ಗಂಟು ಇಳಿಯಲಿಲ್ಲ.’ ಇಷ್ಟು ಸಾಕು.

ಈಗ ಬೆಕ್ಕು ಹೋದ ನಂತರದ ಮಾತು. ಪಾಪಪ್ರಜ್ಞೆ ಅಂತ ಒಂದೇ ಹೆಸರಿದ್ದರೂ ಅದು ನಾಲ್ಕೈದು ಬೇರೆಬೇರೆ ದೂರುಗಳಾಗಿ ಬರುತ್ತದೆ, ಒಂದೊಂದಕ್ಕೂ ಉತ್ತರ ಬೇರೆ.

‘ಮೊದಲೇ ಗಮನಿಸಬೇಕಿತ್ತು.’ ಕಿಡ್ನಿಯ ಶೇ 75ರಷ್ಟು ಕೆಲಸ ನಿಂತ ಮೇಲೆಯೇ ರಕ್ತದಲ್ಲಿ ಕ್ರಿಯಾಟಿನಿನ್ ಏರುವುದು. ಎಸ್‌ಡಿಎಂಎ ಎಂಬ ಇನ್ನೊಂದು ಪರೀಕ್ಷೆ ಸ್ವಲ್ಪ ಮುಂಚೆ, ಸರಾಸರಿ ಶೇ 40 ಹೋದಾಗ ಸುಳಿವು ಕೊಡುತ್ತದೆ. ರಕ್ತಕ್ಕೇ ಅಷ್ಟು ತಡವಾಗಿ ಗೊತ್ತಾಗುವುದನ್ನು ಸೋಫಾದ ಮೇಲೆ ಮಲಗಿದ ಬೆಕ್ಕನ್ನು ನೋಡಿ ಯಾರೂ ಹೇಳಲಾರರು. ನೀರು ಹೆಚ್ಚು ಕುಡಿಯುತ್ತಿತ್ತು, ಮರಳಿನ ಗಟ್ಟಿ ದೊಡ್ಡದಾಗಿತ್ತು ಎಂಬುದು ಹಿಂತಿರುಗಿ ನೋಡಿದಾಗ ಎದ್ದು ಕಾಣುತ್ತದೆ. ಆಗ ಅದು ಬೇಸಿಗೆಯ ಲೆಕ್ಕಕ್ಕೆ ಹೋಗಿತ್ತು. ಮೊದಲೇ ತಿಳಿದಿದ್ದರೆ ಪಥ್ಯದ ಆಹಾರದಿಂದ ಒಂದಷ್ಟು ಕಾಲ ಸಿಗುತ್ತಿತ್ತು, ನಿಜ. ಹಾಳಾದ ಕಿಡ್ನಿ ಮರಳಿ ಬರುತ್ತಿರಲಿಲ್ಲ. ಎರಡನ್ನೂ ಒಟ್ಟಿಗೆ ಹೇಳಬೇಕು. ‘ನೀವು ಏನೂ ಮಾಡಲಾಗುತ್ತಿರಲಿಲ್ಲ’ ಅಂತ ಪೂರ್ತಿ ಸುಳ್ಳು ಸಮಾಧಾನ ಕೊಟ್ಟರೆ ದುಃಖದಲ್ಲಿರುವವರು ಅದನ್ನು ಅರ್ಧ ಗಂಟೆಯಲ್ಲಿ ಗೂಗಲ್ ಮಾಡಿ ಒಡೆದುಹಾಕುತ್ತಾರೆ.

‘ಔಷಧಿ ಇತ್ತಂತೆ.’ ಇದು ಎಫ್‌ಐಪಿ ಎಂಬ ಬೆಕ್ಕಿನ ವೈರಸ್ ಕಾಯಿಲೆಯಲ್ಲಿ ಮರಿಗಳನ್ನು ಕಳೆದುಕೊಂಡವರ ಸಂಕಟ, ಉಳಿದೆಲ್ಲಕ್ಕಿಂತ ಚೂಪು. ದಶಕಗಟ್ಟಲೆ ಎಫ್‌ಐಪಿ ಅಂದರೆ ಸಾವೇ. 2019ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ನೀಲ್ಸ್ ಪೆಡರ್ಸನ್ ತಂಡ ಜಿಎಸ್-441524 ಎಂಬ ವೈರಸ್ ತಡೆಯುವ ಮದ್ದಿನಿಂದ ಹೆಚ್ಚಿನ ಬೆಕ್ಕುಗಳು ಉಳಿದದ್ದನ್ನು ತೋರಿಸಿತು. ಆಗ ಅದು ಕಳ್ಳದಾರಿಯಲ್ಲಿ ಮಾತ್ರ ಸಿಗುತ್ತಿತ್ತು. ಬ್ರಿಟನ್ನಿನಲ್ಲಿ ವೈದ್ಯರ ಚೀಟಿಗೆ ಸಿಗತೊಡಗಿದ್ದು 2021ರಲ್ಲಿ, ಅಮೆರಿಕದಲ್ಲಿ 2024ರ ಜೂನ್‌ನಲ್ಲಿ. ಚಿಕಿತ್ಸೆ ಸಾಮಾನ್ಯವಾಗಿ 84 ದಿನ. ಹಾಗಾಗಿ ‘ಗುಣವಾಗದ ಕಾಯಿಲೆ’ ಎಂಬ ಮಾತಿಗೆ ಯಾವಾಗಲೂ ಒಂದು ತಾರೀಖು, ಒಂದು ಊರು ಅಂಟಿಕೊಂಡಿರುತ್ತದೆ. ನಿಮ್ಮ ಬೆಕ್ಕು ಹೋದ ದಿನ, ನಿಮ್ಮ ಊರಿನಲ್ಲಿ, ನಿಮ್ಮ ಡಾಕ್ಟರ ಕೈಗೆ ಎಟುಕುವಂತೆ ಏನಿತ್ತು? ಅದನ್ನಷ್ಟೇ ಬರೆಯಿರಿ. ಇಂದಿನ ತಿಳಿವಳಿಕೆಯಿಂದ ಅಂದಿನ ನಿಮ್ಮನ್ನು ವಿಚಾರಣೆ ಮಾಡುವುದು ಯಾವ ಕೋರ್ಟಿನಲ್ಲೂ ನಡೆಯುವುದಿಲ್ಲ.

‘ಸುಧಾರಿಸುತ್ತಿತ್ತು, ಅಷ್ಟರಲ್ಲಿ ಇಂಜೆಕ್ಷನ್ ಕೊಡಿಸಿಬಿಟ್ಟೆ.’ ಇದಕ್ಕೆ ಕಾರಣ ಗೊತ್ತಿದ್ದರೆ ಅರ್ಧ ಭಾರ ಇಳಿಯುತ್ತದೆ. ಡ್ರಿಪ್ ಹಾಕಿದಾಗ ರಕ್ತದಲ್ಲಿರುವ ಯೂರಿಯಾ ತೆಳುವಾಗುತ್ತದೆ, ವಾಕರಿಕೆ ತಗ್ಗುತ್ತದೆ, ಬೆಕ್ಕು ಎದ್ದು ಎರಡು ತುತ್ತು ತಿನ್ನುತ್ತದೆ. ಸ್ಟೀರಾಯ್ಡ್ ಕೊಟ್ಟಾಗಲೂ ಹೀಗೇ. ಒಂದೆರಡು ದಿನದ ಈ ಗೆಲುವು ಕಿಡ್ನಿಯದಲ್ಲ, ಬಾಟಲಿಯದು. ಅಂಕಪಟ್ಟಿ ಇದ್ದರೆ ಅದರಲ್ಲೇ ಕಾಣುತ್ತದೆ: ಡ್ರಿಪ್ ಹಾಕಿದ ದಿನಗಳಲ್ಲಿ ಏರು, ಮೂರನೆಯ ದಿನ ಮೊದಲಿಗಿಂತ ಕೆಳಗೆ. ಹಾಳೆ ಇಲ್ಲದವರಿಗೆ ನೆನಪಿನಲ್ಲಿ ಉಳಿಯುವುದು ಆ ಎರಡು ತುತ್ತು ಮಾತ್ರ.

‘ಒದ್ದಾಡಿ ಸತ್ತಿತು.’ ದಯಾಮರಣದ ಕೋಣೆಯಲ್ಲಿ ಏನಾಗುತ್ತದೆ ಅಂತ ಮೊದಲೇ ಬಿಡಿಸಿ ಹೇಳುವ ಕ್ಲಿನಿಕ್ಕುಗಳು ಕಡಿಮೆ, ಅದಕ್ಕೇ ಈ ದೃಶ್ಯ ವರ್ಷಗಟ್ಟಲೆ ಕಾಡುತ್ತದೆ. ಮೊದಲು ನಿದ್ದೆಯ ಇಂಜೆಕ್ಷನ್. ಇಲ್ಲಿ ಸಾಮಾನ್ಯವಾಗಿ ಬಳಸುವ ಜೈಲಜೀನ್ ಬೆಕ್ಕಿಗೆ ವಾಂತಿ ತರಿಸುತ್ತದೆ. ಅದು ಮದ್ದಿನ ಗುಣ, ಸಂಕಟದ ಸೂಚನೆ ಆಗಬೇಕಿಲ್ಲ. ಜೊತೆಗೆ ಕೆಟಮಿನ್ ಕೊಟ್ಟರೆ ಬೆಕ್ಕು ಕಣ್ಣು ತೆರೆದೇ ಪ್ರಜ್ಞೆ ತಪ್ಪುತ್ತದೆ, ಎವೆ ಬಡಿಯುವುದಿಲ್ಲ. ಆಮೇಲೆ ಪೆಂಟೊಬಾರ್ಬಿಟಾಲ್ ಅಥವಾ ಥಯೊಪೆಂಟೋನ್ ಎಂಬ ಅರಿವಳಿಕೆ ಮದ್ದು ಅತಿಪ್ರಮಾಣದಲ್ಲಿ. ಬತ್ತಿಹೋದ ಬೆಕ್ಕಿನ ರಕ್ತದೊತ್ತಡ ಕುಸಿದಿರುತ್ತದೆ, ನರ ಸಿಗುವುದಿಲ್ಲ, ಎರಡು ಮೂರು ಸಲ ಚುಚ್ಚಬೇಕಾಗಬಹುದು. ಅಷ್ಟು ಹೊತ್ತಿಗೆ ಪ್ರಜ್ಞೆ ಇರುವುದಿಲ್ಲ. ಹೃದಯ ನಿಂತ ಮೇಲೂ ಒಂದೆರಡು ಸಲ ದೊಡ್ಡದಾಗಿ ಉಸಿರೆಳೆದಂತೆ ಕಾಣುತ್ತದೆ, ಮೂತ್ರ ಹೋಗುತ್ತದೆ, ಮಾಂಸಖಂಡ ಅದುರುತ್ತದೆ. ಕಣ್ಣು ತಾನಾಗಿ ಮುಚ್ಚುವುದಿಲ್ಲ. ಇವೆಲ್ಲ ಮಿದುಳು ಆರಿದ ಮೇಲಿನ ಮೈಯ ಚಲನೆಗಳು. ಇನ್ನೂ ನಿರ್ಧಾರದ ಹಂತದಲ್ಲಿರುವವರು ಡಾಕ್ಟರಿಗೆ ಎರಡು ಪ್ರಶ್ನೆ ಕೇಳಿ: ಮೊದಲು ಪೂರ್ತಿ ನಿದ್ದೆ ಬರಿಸುತ್ತೀರಾ? ನರ ಸಿಗದಿದ್ದರೆ ಮುಂದೇನು ಮಾಡುತ್ತೀರಿ? ಉತ್ತರ ತೊದಲಿದರೆ ಬೇರೆ ಕ್ಲಿನಿಕ್ ನೋಡಿ.

ದುಡ್ಡಿನ ಮಾತು ಯಾರೂ ಬಾಯಿಬಿಟ್ಟು ಆಡುವುದಿಲ್ಲ, ಆದರೆ ಒಳಗೆ ಹೆಚ್ಚು ಕೊರೆಯುವುದು ಅದೇ. ‘ಇನ್ನೊಂದು ವಾರ ಅಡ್ಮಿಟ್ ಮಾಡಿದ್ದರೆ?’ ಕೊನೆಯ ಹಂತದ ಕಿಡ್ನಿಯ ವಿಷಯದಲ್ಲಿ ಆ ಒಂದು ವಾರ ಪಂಜರದಲ್ಲಿ, ಪಕ್ಕದಲ್ಲಿ ಬೊಗಳುವ ನಾಯಿಯ ಜೊತೆ, ಕಾಲಿಗೆ ಸೂಜಿ ಕಟ್ಟಿಕೊಂಡು ಕಳೆಯುವ ವಾರ. ಬಿಲ್ಲಿನ ಜೊತೆ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕನ್ನಡದ ಮನೆಗಳಲ್ಲಿ ಇನ್ನೊಂದು ದೂರು ಇದೆ, ಅದಕ್ಕೆ ಅಮೆರಿಕದ ಹಾಳೆಯಲ್ಲಿ ಸಾಲೇ ಇಲ್ಲ. ಬೆಕ್ಕು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ಕಾಶಿಗೆ ಕೊಟ್ಟು ಬರಬೇಕು ಅನ್ನುವ ಮಾತು. ಎಂಬಿಎ ಮಾಡಿದವರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಅಜ್ಜಿಯ ಬಾಯಿಂದ ಕೇಳಿದ ಈ ಮಾತು ನೆನೆದು ಕೈ ನಡುಗಿಸುತ್ತಾರೆ. ಮನೆಯ ಹಿರಿಯರು ‘ಪಾಪ ಸುತ್ತಿಕೊಳ್ಳುತ್ತೆ’ ಅಂದರಂತೂ ಮುಗಿಯಿತು. ಮೂಢನಂಬಿಕೆ ಅಂತ ತಳ್ಳಿಹಾಕಿದರೆ ಅದು ಹೋಗುವುದಿಲ್ಲ. ಮಾತಿನಲ್ಲಿರುವುದು ಕೊಂದ ಪಾಪ, ಅಂದರೆ ಬದುಕಬಹುದಾಗಿದ್ದ ಜೀವವನ್ನು ಹೊಡೆದು ಹಾಕಿದ್ದು. ಹಸಿದು ಬತ್ತಿ ಸಾಯುತ್ತಿರುವ ಜೀವದ ಕೊನೆಯ ನಾಲ್ಕು ದಿನದ ನರಳಾಟ ತಪ್ಪಿಸಿದ್ದನ್ನು ಅದೇ ತಕ್ಕಡಿಗೆ ಹಾಕುವುದು ಸರಿಯೇ ಅಂತ ಹಿರಿಯರನ್ನೇ ಕೇಳಿ ನೋಡಿ. ಹಾಳೆ ತೋರಿಸಿ ಕೇಳಿದರೆ ಹೆಚ್ಚಿನವರು ಮೆತ್ತಗಾಗುತ್ತಾರೆ. ಮನಸ್ಸು ಆಗಲೂ ಒಪ್ಪದಿದ್ದರೆ ಬೀದಿ ಬೆಕ್ಕಿನ ಸಂತಾನಹರಣಕ್ಕೋ ಗೋಶಾಲೆಗೋ ಒಂದಷ್ಟು ಕೊಟ್ಟು ಕೈಮುಗಿಯಿರಿ, ತಪ್ಪೇನಿಲ್ಲ.

ಹಾಳೆಗೆ ಕಿವಿ ಇಲ್ಲ, ಅದು ಅದರ ಮಿತಿ. ಕೇಳುವವರು ಬೇಕಾದಾಗ ಹೊರದೇಶದ ಕನ್ನಡಿಗರಿಗೆ ಅನುಕೂಲ ಹೆಚ್ಚು. ಬ್ರಿಟನ್ನಿನಲ್ಲಿ ಕ್ಯಾಟ್ಸ್ ಪ್ರೊಟೆಕ್ಷನ್ ಸಂಸ್ಥೆಯ ‘ಪಾಸ್ ಟು ಲಿಸನ್’ ಬೆಕ್ಕು ಕಳೆದುಕೊಂಡವರಿಗೆಂದೇ ಇರುವ ಉಚಿತ ಫೋನ್ ಸೇವೆ. ಬ್ಲೂ ಕ್ರಾಸ್‌ನದು ಎಲ್ಲ ಸಾಕುಪ್ರಾಣಿಗಳಿಗೆ. ಅಮೆರಿಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಪಶುವೈದ್ಯ ವಿದ್ಯಾರ್ಥಿಗಳು ನಡೆಸುವ ಸಹಾಯವಾಣಿ ಇದೆ. ಇವರೆಲ್ಲ ಕೇಳಿಸಿಕೊಳ್ಳುತ್ತಾರೆ, ‘ಔಷಧಿ ಸರಿಯಿತ್ತೇ’ ಅಂತ ತೀರ್ಪು ಕೊಡುವುದಿಲ್ಲ. ಆ ಪ್ರಶ್ನೆಗೆ ನಿಮ್ಮ ಡಾಕ್ಟರನ್ನೇ ಹತ್ತು ನಿಮಿಷ ಕೇಳಬೇಕು, ಫೈಲು ಮುಂದಿಟ್ಟುಕೊಂಡು.

ಕರ್ನಾಟಕದಲ್ಲಿ ಇರುವುದು ಟೆಲಿ ಮಾನಸ್, 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ, ಅದಕ್ಕೆ ನಮ್ಮ ನಿಮ್ಹಾನ್ಸೇ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಕುಪ್ರಾಣಿಯ ಸಾವಿಗೆಂದು ಮಾಡಿದ್ದಲ್ಲ, ಹಾಗಾಗಿ ಕ್ರಿಯಾಟಿನಿನ್ ಬಗ್ಗೆ ಹೇಳಿ ಪ್ರಯೋಜನವಿಲ್ಲ. ‘ಬೆಕ್ಕು ಸತ್ತು ಮೂರು ವಾರ ಆಯಿತು, ಆ ಇಂಜೆಕ್ಷನ್ ಕೊಟ್ಟ ಗಳಿಗೆ ಮತ್ತೆಮತ್ತೆ ಕಣ್ಮುಂದೆ ಬರುತ್ತಿದೆ, ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ’ ಅಂತ ಲಕ್ಷಣದಿಂದಲೇ ಶುರು ಮಾಡಿ. ಮೊದಲು ಆಪ್ತಸಮಾಲೋಚಕರು ಸಿಗುತ್ತಾರೆ, ಬೇಕೆನಿಸಿದರೆ ತಜ್ಞರಿಗೆ ದಾಟಿಸುತ್ತಾರೆ. ‘ಬದುಕೇ ಬೇಡ’ ಅನ್ನಿಸುತ್ತಿದ್ದರೆ ಅದನ್ನು ಮೊದಲ ವಾಕ್ಯದಲ್ಲೇ ಹೇಳಿ. ‘ಒಂದು ಬೆಕ್ಕಿಗೆ ಇಷ್ಟೊಂದಾ?’ ಅನ್ನುವ ನೆಂಟರಿಗೆ ಫೋನ್ ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ಮನೆಯಲ್ಲಿ ಉಳಿಯುವ ಸಾಮಾನಿನ ಬಗ್ಗೆ ಒಂದು ಮಾತು. ಹೂಳುವುದಾದರೆ ಪ್ಲಾಸ್ಟಿಕ್ ಬೇಡ, ಹತ್ತಿಬಟ್ಟೆಯಲ್ಲಿ ಸುತ್ತಿ, ಗುಂಡಿ ಕನಿಷ್ಠ ಮೂರಡಿ ಇರಲಿ. ದಯಾಮರಣದ ಮದ್ದು ಕಳೇಬರದಲ್ಲಿ ಉಳಿಯುತ್ತದೆ, ಕೆದಕಿ ತಿಂದ ನಾಯಿಯೂ ಸಾಯುತ್ತದೆ. ಬೆಂಗಳೂರಿನ ಫ್ಲ್ಯಾಟಿನವರಿಗೆ ಕೆಂಗೇರಿ ಬಳಿಯ ಪೀಪಲ್ ಫಾರ್ ಅನಿಮಲ್ಸ್‌ನಲ್ಲಿ ಸಾಕುಪ್ರಾಣಿಗಳ ಸ್ಮಶಾನ ಇದೆ, ಹೊರಡುವ ಮೊದಲು ಫೋನ್ ಮಾಡಿ. ಬಳಸಿದ ಸೂಜಿಗಳನ್ನು ಕಸದ ಬುಟ್ಟಿಗೆ ಹಾಕದೆ ಗಟ್ಟಿ ಡಬ್ಬದಲ್ಲಿ ತುಂಬಿ ಕ್ಲಿನಿಕ್ಕಿಗೆ ಕೊಡಿ. ಒಡೆಯದ ಆರ್‌ಎಲ್ ಬಾಟಲಿಗಳನ್ನೂ ಅಲ್ಲೇ ಕೊಟ್ಟರೆ ಇನ್ನೊಂದು ಕಿಡ್ನಿ ಬೆಕ್ಕಿಗೆ ಆಗುತ್ತದೆ. ಒಡೆದದ್ದನ್ನು ಸುರಿದುಬಿಡಿ. ಅಂಕಪಟ್ಟಿಯ ಹಾಳೆಗಳನ್ನು ಮಾತ್ರ ಎಸೆಯಬೇಡಿ. ಕೊನೆಯ ರಕ್ತಪರೀಕ್ಷೆಯ ವರದಿಯನ್ನು ಅದಕ್ಕೇ ಪಿನ್ ಮಾಡಿ, ಲಸಿಕೆಯ ಕಾರ್ಡಿನ ಜೊತೆ ಒಂದೇ ಕವರಿನಲ್ಲಿಡಿ.